ಕ್ರಿಯಾ ಸಂಶೋಧನೆಯ ರೆಡಿಮೇಡ್ ದಾಖಲೆ ಪುಸ್ತಕ: ಕಾರಣ ಬರೆಯಲು ಎರಡೇ ಗೆರೆ

ರಾಯಚೂರು ಪೇಟೆಯ ಸ್ಟೇಷನರಿ ಅಂಗಡಿಗೆ ಹೋಗಿ ಬಿ.ಇಡಿ, ಡಿ.ಇಎಲ್.ಇಡಿ ಶಿಕ್ಷಕ ತರಬೇತಿಯ ದಾಖಲೆ ಪುಸ್ತಕಗಳನ್ನು ಕೇಳಿದರೆ, ಪಾಠಯೋಜನೆ ಪುಸ್ತಕಗಳ ಜೊತೆಗೆ ‘ಕ್ರಿಯಾ ಸಂಶೋಧನೆ’ ಎಂದು ಅಚ್ಚಾದ ತೆಳುವಾದ ಪುಸ್ತಕವನ್ನೂ ತೆಗೆದುಕೊಡುತ್ತಾರೆ. ತರಗತಿಯ ಒಂದು ತೊಂದರೆಯ ಕಾರಣ ಹುಡುಕಿ, ಪರಿಹಾರ ಮಾಡಿ, ಫಲ ನೋಡುವ ಕೆಲಸವನ್ನು ಶಿಕ್ಷಕರೇ ಮಾಡುವುದು ಕ್ರಿಯಾ ಸಂಶೋಧನೆ. ಒಳಗೆ ಬಹುತೇಕ ಖಾಲಿ ಬಿಟ್ಟ ನಮೂನೆ. ಪ್ರಶಿಕ್ಷಣಾರ್ಥಿಗಳು ಅಂಕಕ್ಕಾಗಿ ಕೊಳ್ಳುತ್ತಾರೆ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಮಂಡಿಸಬೇಕಾದ ಶಿಕ್ಷಕರೂ ಕೊಳ್ಳುತ್ತಾರೆ. ಈ ವಿಮರ್ಶೆ ಎರಡನೆಯವರಿಗಾಗಿ: ನಾಲ್ಕನೇ ತರಗತಿಗೆ ಬಂದರೂ ಒತ್ತಕ್ಷರ ಬಾರದ, ದಶಕ ತೆಗೆದು ಕಳೆಯಲು ಬಾರದ ಎಂಟೊಂಬತ್ತು ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಏನಾದರೂ ಮಾಡಲೇಬೇಕು ಎಂದುಕೊಂಡವರಿಗಾಗಿ. ಅವರಿಗೆ ಈ ಪುಸ್ತಕ ಅರ್ಧ ಕೆಲಸಕ್ಕೆ ಬರುತ್ತದೆ. ಉಳಿದರ್ಧಕ್ಕೆ ಪುಟಗಳನ್ನು ಕೈಯಿಂದಲೇ ಗೆರೆ ಹಾಕಿಕೊಳ್ಳಬೇಕು.

ಮೊದಲು ಚೆನ್ನಾಗಿರುವುದು. ‘ಸಮಸ್ಯೆಯ ಆಯ್ಕೆ’ ಪುಟ ಈ ಪುಸ್ತಕದ ಒಳ್ಳೆಯ ಪುಟ. ತರಗತಿ, ವಿಷಯ, ಘಟಕ, ನಿರ್ದಿಷ್ಟ ಕೌಶಲ, ಮಕ್ಕಳ ಸಂಖ್ಯೆ ಎಂದು ಐದು ಖಾನೆ ಕೊಟ್ಟಿದ್ದಾರೆ. ಈ ಐದನ್ನೂ ಪ್ರಾಮಾಣಿಕವಾಗಿ ತುಂಬಿದರೆ ‘ಕನ್ನಡ ಓದಿನಲ್ಲಿ ಹಿಂದುಳಿದ ವಿದ್ಯಾರ್ಥಿಗಳು’ ಎಂಬ ಆಕಾಶದಷ್ಟು ಅಗಲದ ಶೀರ್ಷಿಕೆ ಬರೆಯಲು ಸಾಧ್ಯವೇ ಇಲ್ಲ. ‘ನಾಲ್ಕನೇ ತರಗತಿಯ 9 ಮಕ್ಕಳು ವಿಜಾತಿ ಒತ್ತಕ್ಷರದ ಪದ ಓದುವಾಗ ಒತ್ತನ್ನು ಬಿಟ್ಟು ಓದುತ್ತಾರೆ’ ಎಂಬಲ್ಲಿಗೆ ಬಂದು ನಿಲ್ಲಲೇಬೇಕಾಗುತ್ತದೆ. ನಾಲ್ಕು ವಾರದಲ್ಲಿ ಮುಟ್ಟಬಹುದಾದ ಸಮಸ್ಯೆ ಅಂದರೆ ಅಷ್ಟೇ ಚಿಕ್ಕದಿರಬೇಕು.

ಮುಂದಿನ ಪುಟ ‘ಸಂಭವನೀಯ ಕಾರಣಗಳು’. ಅಲ್ಲಿ ಎರಡು ಗೆರೆ. ಇಡೀ ಪುಸ್ತಕದ ಸೋಲು ಈ ಎರಡು ಗೆರೆಯಲ್ಲಿದೆ. ಜಾಗ ಎರಡು ಗೆರೆಯಷ್ಟಿದ್ದರೆ ‘ಪೋಷಕರ ಅನಕ್ಷರತೆ, ಮಕ್ಕಳ ನಿರಾಸಕ್ತಿ’ ಎಂದು ಬರೆದು ಮುಂದೆ ಹೋಗುವುದೇ ಆಗುತ್ತದೆ. ಇವೆರಡರಲ್ಲಿ ಯಾವುದನ್ನೂ ಶಿಕ್ಷಕರು ಒಂದು ತಿಂಗಳಲ್ಲಿ ತಿದ್ದಲಾರರು. ತಿದ್ದಬಹುದಾದ ಕಾರಣ ಮಗುವಿನ ತಪ್ಪಿನೊಳಗೇ ಇರುತ್ತದೆ. ಅದನ್ನು ನೋಡಲು ಜಾಗ ಬೇಕು.

52ರಲ್ಲಿ 27 ಕಳೆ ಎಂದರೆ 35 ಬರೆಯುವ ಮಕ್ಕಳು ಪ್ರತಿ ಶಾಲೆಯಲ್ಲೂ ಇದ್ದಾರೆ. ಕೆಂಪು ಶಾಯಿಯಲ್ಲಿ ತಪ್ಪು ಹಾಕಿದರೆ ಅಲ್ಲಿಗೆ ಮುಗಿಯಿತು. ಅದರ ಬದಲು ಪಕ್ಕದಲ್ಲಿ ಕೂರಿಸಿಕೊಂಡು ‘ಹೆಂಗ ಮಾಡಿದಿ, ಹೇಳು’ ಎಂದು ಕೇಳಿ. ‘ಎರಡರಾಗ ಏಳು ಹೋಗಂಗಿಲ್ರಿ, ಅದಕ್ಕ ಏಳರಾಗ ಎರಡು ಕಳದೀನ್ರಿ’ ಎಂಬ ಉತ್ತರ ಬರುತ್ತದೆ. ಮಗುವಿನದು ಅಜಾಗರೂಕತೆಯಲ್ಲ, ತನ್ನದೇ ಒಂದು ನಿಯಮ. ದೊಡ್ಡದರಲ್ಲಿ ಚಿಕ್ಕದು ಕಳೆಯಬೇಕು ಎಂದು ಒಂದನೇ ತರಗತಿಯಲ್ಲಿ ಕಲಿತದ್ದನ್ನು ಬಿಡಿ ಸ್ಥಾನಕ್ಕೂ ಹಾಗೇ ಹಚ್ಚಿದೆ.

403ರಲ್ಲಿ 178 ಕಳೆಯುವ ಲೆಕ್ಕ ಇನ್ನೂ ಹೆಚ್ಚು ಹೇಳುತ್ತದೆ. ಸರಿಯುತ್ತರ 225. 375 ಬಂದರೆ ಮೇಲಿನ ಅದೇ ನಿಯಮ. 275 ಬಂದರೆ ಮಗು ನೂರರಿಂದ ನೇರವಾಗಿ ಬಿಡಿಗೆ ಎರವಲು ತಂದು, ನಡುವಿನ ಸೊನ್ನೆಯನ್ನು ಹಾಗೇ ಬಿಟ್ಟು, ಸೊನ್ನೆಯಲ್ಲಿ ಏಳು ಹೋಗದೆ ಏಳನ್ನೇ ಇಳಿಸಿದೆ. 235 ಬಂದರೆ ಎರವಲಿನ ದಾರಿ ಬಹುತೇಕ ಸರಿಯಿದೆ. ಸೊನ್ನೆಯನ್ನು ಹತ್ತು ಮಾಡಿಕೊಂಡು ಅದರಿಂದ ಒಂದು ದಶಕವನ್ನು ಬಿಡಿಗೆ ಕೊಟ್ಟ ಮೇಲೆ ಒಂಬತ್ತಕ್ಕೆ ಇಳಿಸುವುದು ಮರೆತಿದೆ. ಮೂರೂ ತಪ್ಪೇ, ಮೂರಕ್ಕೂ ಸೊನ್ನೆ ಅಂಕವೇ. ಆದರೆ ಮೂವರಿಗೂ ಒಂದೇ ಪಾಠ ಮಾಡಿದರೆ ಇಬ್ಬರಿಗೆ ವ್ಯರ್ಥ. ಒಂದೇ ತಪ್ಪು ಒಮ್ಮೆ ಬಂದರೆ ನಂಬಬೇಡಿ, ಒಂದೇ ಬಗೆಯ ಐದು ಲೆಕ್ಕ ಕೊಡಿ. ಮೂರರಲ್ಲಾದರೂ ಅದೇ ರೀತಿ ತಪ್ಪಿದರೆ ಮಾತ್ರ ಅದನ್ನು ಕಾರಣವೆಂದು ಬರೆಯಿರಿ.

ಓದಿನಲ್ಲೂ ಹೀಗೇ. ಒತ್ತಕ್ಷರ ಬರುವುದಿಲ್ಲ ಎಂಬುದು ಒಂದು ತೊಂದರೆಯಲ್ಲ, ಮೂರು. ಕ, ಗ, ಪ, ಬ ಮುಂತಾದವುಗಳ ಒತ್ತು ತಲೆಕಟ್ಟು ಬಿಟ್ಟ ಮೂಲ ಅಕ್ಷರದಂತೆಯೇ ಕಾಣುತ್ತದೆ. ಅಕ್ಕ, ಹಗ್ಗ, ಅಪ್ಪ ಬೇಗ ಕೈಗೆ ಬರುತ್ತವೆ. ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರವನ್ನು ಹೋಲುವುದೇ ಇಲ್ಲ. ಹತ್ತು ‘ಹತು’ ಆಗುವುದು, ಬೆಲ್ಲ ‘ಬೆಲ’ ಆಗುವುದು ಇಲ್ಲಿ. ಮೂರನೆಯದು ಅರ್ಕಾವತ್ತು. ಸೂರ್ಯ, ವರ್ಷ ಬರೆಯುವಾಗ ರಕಾರವನ್ನು ಕೊನೆಗೆ ಬರೆಯುತ್ತೇವೆ, ಓದುವಾಗ ಮೊದಲು ಉಚ್ಚರಿಸುತ್ತೇವೆ. ಎಡದಿಂದ ಬಲಕ್ಕೆ ಶಿಸ್ತಾಗಿ ಓದುವ ಮಗುವೇ ಇಲ್ಲಿ ಎಡವುತ್ತದೆ. ಕೆಲಸ ಶುರುವಾಗುವ ಮೊದಲಿನ ಪೂರ್ವಪರೀಕ್ಷೆಗೆ 20 ಪದ ಆರಿಸುವಾಗ ಈ ಮೂರೂ ಬಗೆಯಿಂದ ಕನಿಷ್ಠ ಐದೈದು ಇರಲಿ, ಉಳಿದ ಐದು ಒತ್ತಿಲ್ಲದ ಪದಗಳಾಗಿರಲಿ. ಒತ್ತಿಲ್ಲದ ಪದವನ್ನೂ ಓದದ ಮಗುವಿನ ತೊಂದರೆ ಮೂಲಾಕ್ಷರದಲ್ಲೋ ಗುಣಿತಾಕ್ಷರದಲ್ಲೋ ಇದೆ. ಅದನ್ನು ಈ ಗುಂಪಿನಲ್ಲಿ ಕೂರಿಸಿದರೆ ಅದಕ್ಕೂ ಕಷ್ಟ, ನಿಮ್ಮ ಫಲಿತಾಂಶಕ್ಕೂ ಕೇಡು. ಒಂದರಿಂದ ಮೂರನೇ ತರಗತಿವರೆಗಿನ ಚಟುವಟಿಕೆ ಪದ್ಧತಿಯಾದ ನಲಿ-ಕಲಿಯಿಂದ ಬಂದ ಮಗುವಾದರೆ ಮೂರನೇ ತರಗತಿಯ ಪ್ರಗತಿ ನೋಟ ತೆಗೆದು, ಯಾವ ಮೈಲಿಗಲ್ಲಿನಲ್ಲಿ (ಕಲಿಕೆಯ ಹಂತದಲ್ಲಿ) ನಿಂತಿತ್ತು ಎಂದು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ನಮ್ಮ ಭಾಗಕ್ಕೇ ಸೇರಿದ ಎರಡು ಕಾರಣಗಳಿಗೆ ಪುಸ್ತಕದಲ್ಲಿ ಖಾನೆಯೇ ಇಲ್ಲ. ಒಂದು, ಮನೆಮಾತು. ಗಡಿಯ ಊರುಗಳಲ್ಲಿ ತೆಲುಗು, ಪಟ್ಟಣದ ಓಣಿಗಳಲ್ಲಿ ಉರ್ದು, ದೇವದುರ್ಗ, ಲಿಂಗಸುಗೂರು ಕಡೆಯ ತಾಂಡಾಗಳಲ್ಲಿ ಲಂಬಾಣಿ. ‘ಮುಗಿಲು’ ಎಂದು ತಪ್ಪಿಲ್ಲದೆ ಓದಿ, ಮುಗಿಲು ಅಂದರೇನು ಎಂದು ಕೇಳಿದರೆ ಸುಮ್ಮನೆ ನಿಲ್ಲುವ ಮಗುವಿಗೆ ಅಕ್ಷರ ತಿದ್ದಿಸಿ ಉಪಯೋಗವಿಲ್ಲ. ಅದಕ್ಕೆ ಚಿತ್ರ ಬೇಕು, ಮಾತು ಬೇಕು, ಮನೆಮಾತಿನಲ್ಲಿ ಅದಕ್ಕೇನನ್ನುತ್ತಾರೆ ಎಂದು ಮಗುವನ್ನೇ ಕೇಳಿ ಗೋಡೆಯ ಮೇಲೆ ಎರಡೂ ಪದ ಬರೆದು ಅಂಟಿಸಬೇಕು.

ಎರಡು, ಹಾಜರಿ. ಹತ್ತಿ ಬಿಡಿಸುವ ದಿನಗಳಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದ ಮಕ್ಕಳು, ಅಪ್ಪ ಅವ್ವನ ಜೊತೆ ಗುಳೆ ಹೋಗಿ ಬಂದ ಮಕ್ಕಳು ಒಟ್ಟು ಹಾಜರಿಯಲ್ಲಿ ಅಷ್ಟೇನೂ ಕೆಟ್ಟದಾಗಿ ಕಾಣದಿರಬಹುದು. ಆ ಕೌಶಲ ಕಲಿಸಿದ ದಿನಗಳನ್ನು ಮಾತ್ರ ಎಣಿಸಿ. ದಶಕ ತೆಗೆದು ಕಳೆಯುವುದನ್ನು 12 ಅವಧಿ ಕಲಿಸಿದ್ದರೆ, ಅದರಲ್ಲಿ 4ಕ್ಕೆ ಮಾತ್ರ ಬಂದ ಮಗು ಕಲಿಕೆಯಲ್ಲಿ ಹಿಂದುಳಿದದ್ದಲ್ಲ. ಅದಕ್ಕೆ ಪಾಠವೇ ಆಗಿಲ್ಲ. ಪರಿಹಾರ ಬೋಧನೆ ಅಲ್ಲ, ಮೊದಲ ಬೋಧನೆ ಆಗಬೇಕು. ಈ ವ್ಯತ್ಯಾಸ ಬರೆಯದ ವರದಿ ಮಗುವಿನ ಮೇಲೆ ಇಲ್ಲದ ಹಣೆಪಟ್ಟಿ ಹಚ್ಚುತ್ತದೆ, ಅದು ಅನ್ಯಾಯ. ಇನ್ನೊಂದು ಸಣ್ಣ ಪರೀಕ್ಷೆಯೂ ಇಲ್ಲೇ ಮುಗಿಯಲಿ: ಹಲಗೆಯಿಂದ ತಪ್ಪಾಗಿ ನಕಲು ಮಾಡಿ, ಪುಸ್ತಕದಿಂದ ಸರಿಯಾಗಿ ನಕಲು ಮಾಡುವ ಮಗುವಿದ್ದರೆ ಮೊದಲು ಕಣ್ಣು ತೋರಿಸಬೇಕು, ಮಕ್ಕಳ ಆರೋಗ್ಯ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಆ ಹೆಸರು ಪಟ್ಟಿಯ ಮೊದಲಲ್ಲಿರಲಿ.

‘ಕ್ರಿಯಾ ಪ್ರಾಕ್ಕಲ್ಪನೆ’ (ಹೀಗೆ ಮಾಡಿದರೆ ಹೀಗಾಗುತ್ತದೆ ಎಂಬ ಊಹೆ) ಪುಟದಲ್ಲಿ ವಾಕ್ಯವನ್ನೂ ಅಚ್ಚು ಹಾಕಿಬಿಟ್ಟಿದ್ದಾರೆ: ಚಟುವಟಿಕೆ ಆಧಾರಿತ ಬೋಧನೆಯಿಂದ ಕಲಿಕೆ ಉತ್ತಮಗೊಳ್ಳುತ್ತದೆ. ಇದನ್ನು ಹೊಡೆದುಹಾಕಿ. ಯಾವ ಚಟುವಟಿಕೆ, ಎಷ್ಟು ಹೊತ್ತು, ಎಷ್ಟು ದಿನ, ಯಾವ ತಪ್ಪು ಹೋಗಬೇಕು, ಈ ನಾಲ್ಕೂ ಇರದ ವಾಕ್ಯವನ್ನು ಪರೀಕ್ಷಿಸಲು ಬರುವುದಿಲ್ಲ. ಹೀಗಿರಲಿ: ‘ದಿನಕ್ಕೆ 20 ನಿಮಿಷ, ವಾರಕ್ಕೆ 5 ದಿನ, 4 ವಾರ ಹತ್ತರ ಕಟ್ಟು ಬಿಚ್ಚಿ ಕಳೆಯುವ ಅಭ್ಯಾಸ ಕೊಟ್ಟರೆ, ಬಿಡಿ ಸ್ಥಾನದಲ್ಲಿ ತಿರುಗುಮುರುಗು ಕಳೆಯುವ ತಪ್ಪು ನಿಲ್ಲುತ್ತದೆ.’

ಸಾಮಗ್ರಿಗೆ ಖರ್ಚು ಬೇಡ. ಎರಡಂಕಿ ಲೆಕ್ಕಕ್ಕೆ ಮೂವರ ಗುಂಪಿಗೆ 100 ಕಡ್ಡಿ, 10 ರಬ್ಬರ್ ಬ್ಯಾಂಡ್ ಸಾಕು. ಜೋಳದ ದಂಟು ಎರಡು ದಿನದಲ್ಲಿ ಸೀಳುತ್ತದೆ. ಕಸಬರಿಗೆಯ ಕಡ್ಡಿಯನ್ನು ಗೇಣಿನ ಅರ್ಧದಷ್ಟು ಕತ್ತರಿಸಿದರೆ ವರ್ಷವಿಡೀ ಬರುತ್ತದೆ. ಮೊದಲ ವಾರ ಕಡ್ಡಿ ಮಾತ್ರ, ಬರೆಯುವುದಿಲ್ಲ. ಎರಡನೇ ವಾರ ಒಬ್ಬರು ಕಟ್ಟು ಬಿಚ್ಚುತ್ತಿರುವಾಗಲೇ ಇನ್ನೊಬ್ಬರು ಅದನ್ನೇ ಸ್ಲೇಟಿನಲ್ಲಿ ಬರೆಯಬೇಕು. ಕಡ್ಡಿಯಿಂದ ಒಮ್ಮೆಲೇ ಅಂಕಿಗೆ ಹಾರಿದರೆ ಎಲ್ಲ ಕೆಡುವುದು ಈ ವಾರದಲ್ಲೇ. ಮೂರನೇ ವಾರ ಮೂರಂಕಿಗೆ ಆಟದ ನೋಟು: ನೂರರ ನೋಟು ಮುರಿಸಿ ಹತ್ತರ ಹತ್ತು ನೋಟು, ಅದರಲ್ಲೊಂದು ಮುರಿಸಿ ಒಂದರ ಹತ್ತು. ಕೈಯಲ್ಲಿ ಹತ್ತರ ಒಂಬತ್ತೇ ನೋಟು ಉಳಿದದ್ದು ಕಂಡ ಮೇಲೆ 235 ಬರೆಯುವ ಮಗು ತಾನಾಗಿ ತಿದ್ದಿಕೊಳ್ಳುತ್ತದೆ. ನಾಲ್ಕನೇ ವಾರ ಸಾಮಗ್ರಿ ಇಲ್ಲದೆ.

ಕಾಲಪಟ್ಟಿಯ ಪುಟದಲ್ಲಿ 15 ದಿನದ ಖಾನೆಗಳಿವೆ. ಸಾಲದು, ಹಾಳೆ ಅಂಟಿಸಿಕೊಳ್ಳಿ. ಕೆಲಸ ಜುಲೈನಲ್ಲಿ ಶುರುವಾಗಿ ದಸರಾ ರಜೆಗೆ ಮೊದಲೇ ಮುಗಿಯುವಂತೆ ನೋಡಿಕೊಳ್ಳಿ. ಹತ್ತಿ ಸುಗ್ಗಿಯಲ್ಲಿ ಇಟ್ಟುಕೊಂಡರೆ ಯಾರಿಗಾಗಿ ಮಾಡುತ್ತೀರೋ ಅವರೇ ಬೆಂಚಿನಲ್ಲಿರುವುದಿಲ್ಲ.

ಪೂರ್ವಪರೀಕ್ಷೆ, ಕೆಲಸ ಮುಗಿದ ಮೇಲಿನ ಉತ್ತರಪರೀಕ್ಷೆಗಳ ಕೋಷ್ಟಕ ಅಚ್ಚುಕಟ್ಟಾಗಿದೆ, ಆದರೆ ಎರಡಕ್ಕೂ ಒಂದೇ ಪ್ರಶ್ನೆಪತ್ರಿಕೆ ಎಂಬ ಸೂಚನೆ ತಪ್ಪು. ಮಕ್ಕಳಿಗೆ ಉತ್ತರ ನೆನಪಿರುತ್ತದೆ. 52ರಲ್ಲಿ 27ರ ಜಾಗದಲ್ಲಿ 63ರಲ್ಲಿ 38, 403ರಲ್ಲಿ 178ರ ಜಾಗದಲ್ಲಿ 504ರಲ್ಲಿ 269, ಹೀಗೆ ಕಷ್ಟ ಅಷ್ಟೇ, ಅಂಕಿ ಬೇರೆ.

ಆಮೇಲೆ ಸರಾಸರಿ ತೆಗೆಯಿರಿ ಎನ್ನುತ್ತದೆ ಪುಸ್ತಕ. ಒಂದು ಮಾದರಿ ಲೆಕ್ಕ ನೋಡೋಣ. 9 ಮಕ್ಕಳು, 10 ಅಂಕ. ಮೊದಲು 2, 3, 3, 1, 4, 2, 5, 3, 4, ಸರಾಸರಿ 3. ನಂತರ 8, 7, 9, 1, 8, 2, 9, 7, 8, ಸರಾಸರಿ 6.6. ದುಪ್ಪಟ್ಟಿಗಿಂತ ಹೆಚ್ಚಾಯಿತು ಎಂದು ತೀರ್ಮಾನ ಬರೆದು ಸಹಿ ಹಾಕಬಹುದು. ಆದರೆ ನಾಲ್ಕನೆಯ ಮತ್ತು ಆರನೆಯ ಮಗು ಇದ್ದಲ್ಲೇ ಇವೆ. ಅತಿ ಹೆಚ್ಚು ನೆರವು ಬೇಕಿದ್ದ ಆ ಇಬ್ಬರನ್ನೇ ಸರಾಸರಿ ಮುಚ್ಚಿಬಿಟ್ಟಿತು. ಅದಕ್ಕೇ ಸರಾಸರಿಯ ಖಾನೆಯ ಪಕ್ಕ ‘ಕದಲದವರು’ ಎಂಬ ಖಾನೆ ಎಳೆದುಕೊಳ್ಳಿ, ಅಲ್ಲಿ ಕ್ರಮಸಂಖ್ಯೆ ಬರೆಯಿರಿ. ಮೂರು ವಾರ ಬಿಟ್ಟು ಮೂರನೇ ಪರೀಕ್ಷೆಗೂ ಒಂದು ಖಾನೆ ಬೇಕು. ಉತ್ತರಪರೀಕ್ಷೆಯ ಮರುದಿನ ಬರುವುದು ತಿಂಗಳ ನಂತರ ಉಳಿದಿರುತ್ತದೆ ಎನ್ನಲು ಆಗದು. ಟಿ-ಮೌಲ್ಯ (ಸರಾಸರಿಗಳ ವ್ಯತ್ಯಾಸ ಆಕಸ್ಮಿಕವೇ ಎಂದು ನೋಡುವ ಲೆಕ್ಕ), ನಿಯಂತ್ರಿತ ಗುಂಪು (ಹೋಲಿಕೆಗೆಂದು ಹೊಸ ಪಾಠ ಕೊಡದೆ ಬಿಟ್ಟ ಮಕ್ಕಳು) ಎಂದು ಎರಡು ಪುಟ ಖರ್ಚು ಮಾಡಿದ್ದಾರೆ. ಒಂಬತ್ತು ಮಕ್ಕಳ ಕೆಲಸಕ್ಕೆ ಅವು ಬೇಡ. ಅರ್ಧ ಮಕ್ಕಳನ್ನು ಹೋಲಿಕೆಗೆಂದು ನೆರವಿಲ್ಲದೆ ಬಿಡುವುದು ಶಾಲೆಯಲ್ಲಿ ಸಲ್ಲದು.

ಮನೋವಿಜ್ಞಾನಿ ಕರ್ಟ್ ಲೆವಿನ್ 1946ರಲ್ಲಿ ಕ್ರಿಯಾ ಸಂಶೋಧನೆಯನ್ನು ವಿವರಿಸಿದಾಗ ಅದನ್ನು ಯೋಜನೆ, ಕ್ರಿಯೆ, ಫಲ ನೋಡುವುದು, ಮತ್ತೆ ಯೋಜನೆ ಎಂಬ ಸುರುಳಿಯಾಗಿಯೇ ಕಂಡಿದ್ದರು. 1953ರಲ್ಲಿ ಶಿಕ್ಷಣ ತಜ್ಞ ಸ್ಟೀಫನ್ ಕೋರಿ ಇದನ್ನು ಶಾಲೆಗೆ ತಂದಾಗಲೂ ಶಿಕ್ಷಕರು ತಮ್ಮ ಕೆಲಸವನ್ನು ತಾವೇ ಉತ್ತಮಗೊಳಿಸಿಕೊಳ್ಳುವುದೇ ಮುಖ್ಯವಾಗಿತ್ತು. ಈ ಪುಸ್ತಕದಲ್ಲಿ ‘ಉಪಸಂಹಾರ’ ಆದ ಮೇಲೆ ಬರೆಯಲು ಪುಟವಿಲ್ಲ. ಕದಲದ ಆ ಇಬ್ಬರಿಗಾಗಿ ಎರಡನೇ ಸುತ್ತು ಎಲ್ಲಿ ಬರೆಯಬೇಕು?

ಅಲ್ಲಿರುವುದು ಒಂದು ತುಂಬಿದ ಮಾದರಿ ವರದಿ. ಇದನ್ನು ತೆಗೆಯಲೇಬೇಕು. ಶೀರ್ಷಿಕೆ, ಕಾರಣ, ಶೇಕಡಾವಾರು ಎಲ್ಲವೂ ಸಿದ್ಧವಿರುವುದರಿಂದ ಶಾಲೆಯ ಹೆಸರು ಮಾತ್ರ ಬದಲಿಸಿ ಬರೆದುಬಿಡುವ ಆಸೆ ಯಾರಿಗಾದರೂ ಬರುತ್ತದೆ. ಹಾಗೆ ಬರೆದ ದಿನ ಆ ಒಂಬತ್ತು ಮಕ್ಕಳಿಗೆ ಸಿಗಬೇಕಿದ್ದ ನಾಲ್ಕು ವಾರ ಹೋಯಿತು.

ಕಾಗದ ತೆಳುವು, ಸ್ಕೆಚ್ ಪೆನ್ ಹಿಂದಕ್ಕೆ ಮೂಡುತ್ತದೆ. ಬಾಲ್ ಪೆನ್ ಬಳಸಿ. ಕೋಷ್ಟಕದಲ್ಲಿ ‘ವಿದ್ಯಾರ್ಥಿಯ ಹೆಸರು’ ಎಂದಿರುವಲ್ಲಿ ಕ್ರಮಸಂಖ್ಯೆ ಮಾತ್ರ ಬರೆಯಿರಿ. ಈ ಪುಸ್ತಕ ಕ್ಲಸ್ಟರ್‌ಗೆ ಹೋಗುತ್ತದೆ, ಪ್ರದರ್ಶನದ ಮೇಜಿನ ಮೇಲೂ ಕೂರುತ್ತದೆ. ಓದಲು ಬಾರದವನೆಂದು ಮಗುವಿನ ಹೆಸರು ಅಲ್ಲಿರಬಾರದು.

ಅಂಕಕ್ಕಾಗಿ ನಮೂನೆ ಒಪ್ಪಿಸಬೇಕಾದ ಪ್ರಶಿಕ್ಷಣಾರ್ಥಿಗಳು ಕೊಳ್ಳಬಹುದು, ಸಮಸ್ಯೆಯ ಪುಟ ಅವರಿಗೆ ಒಳ್ಳೆಯ ಗುರು. ಶಾಲೆಯಲ್ಲಿರುವ ಶಿಕ್ಷಕರಿಗೆ 200 ಪುಟದ ಲಾಂಗ್ ನೋಟ್‌ಬುಕ್ ಇದಕ್ಕಿಂತ ಮೇಲು. ಪ್ರತಿ ಮಗುವಿಗೆ ಎದುರುಬದುರು ಎರಡು ಪುಟ. ಎಡಪುಟದಲ್ಲಿ ಮಗು ಬರೆದ ತಪ್ಪು ಇದ್ದ ಹಾಗೇ, ಕೆಳಗೆ ಅದು ಕೊಟ್ಟ ವಿವರಣೆ ಅದರ ಮಾತಿನಲ್ಲೇ, ಕಲಿಸಿದ ದಿನಗಳ ಹಾಜರಿ, ಮನೆಮಾತು. ಬಲಪುಟದಲ್ಲಿ ದಿನಾಂಕ, ಮಾಡಿಸಿದ್ದು, ಐದರಲ್ಲಿ ಎಷ್ಟು ಸರಿ. ಕೊನೆಗೆ ಮೂರು ಪರೀಕ್ಷೆಯ ಅಂಕ. ಬಲಪುಟದ ಕೆಳಗಿನ ನಾಲ್ಕು ಗೆರೆ ಎರಡನೇ ಸುತ್ತಿಗೆ ಖಾಲಿ ಬಿಡಿ.