ನಾಲ್ಕು ಹುಂಜ ಜಗಳವಾಡದೆ ಇರಬೇಕೆಂದರೆ: ಮೂರು ವ್ಯವಸ್ಥೆಗಳ ಹೋಲಿಕೆ

ಒಂದಕ್ಕಿಂತ ಹೆಚ್ಚು ಹುಂಜ ಸಾಕುವವರಿಗೆ ಇರುವುದು ಮೂರೇ ದಾರಿ: ಹೇಂಟೆಗಳ ಗುಂಪಿನಲ್ಲೇ ಬಿಡುವುದು, ಹುಂಜಗಳಿಗಷ್ಟೇ ಒಂದು ದೊಡ್ಡಿ ಮಾಡುವುದು, ಇಲ್ಲವೇ ಒಂದೊಂದನ್ನೂ ಬೇರೆ ಗೂಡಿಗೆ ಹಾಕುವುದು. ಮೂರನ್ನೂ ಮಾಡಿ ನೋಡಿದ ಮೇಲೆ ನಮ್ಮ ಓಟು ಎರಡನೆಯದಕ್ಕೆ.

ಹೇಂಟೆಗಳ ಜೊತೆ ಬಿಟ್ಟರೆ ಖರ್ಚು ಕಡಿಮೆ, ಲೆಕ್ಕ ಮಾತ್ರ ಬಿಗಿ. ಹಗುರ ತಳಿಯಲ್ಲಿ ಹುಂಜಕ್ಕೆ ಸುಮಾರು 10 ಹೇಂಟೆ, ಭಾರೀ ತಳಿಯಲ್ಲಿ 6ರಿಂದ 8 ಬೇಕು. ಲೆಕ್ಕ ಸರಿಯಿದ್ದರೂ ಹುಂಜಗಳೆಲ್ಲ ಅದೇ ಎರಡು ಮೂರು ಹೇಂಟೆಗಳ ಬೆನ್ನು ಬೀಳುವುದುಂಟು. ಬೆನ್ನಿನ ಮತ್ತು ಕತ್ತಿನ ಹಿಂಭಾಗದ ಪುಕ್ಕ ಉದುರಿ ಚರ್ಮ ಕಂಡರೆ ಹುಂಜ ಹೆಚ್ಚಾಗಿರಬಹುದು. ಇನ್ನೊಂದು ತೊಡಕು ಮೇವಿನದು. ಮೊಟ್ಟೆ ಕೋಳಿಯ ಆಹಾರದಲ್ಲಿರುವಷ್ಟು ಕ್ಯಾಲ್ಸಿಯಂ ಹುಂಜದ ಮೂತ್ರಪಿಂಡಕ್ಕೆ ಒಳ್ಳೆಯದಲ್ಲ. ಎಲ್ಲಕ್ಕೂ ಬೆಳೆಯುವ ಕೋಳಿಯ ಆಹಾರ ಹಾಕಿ, ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಡಿ. ಬೇಕಾದ ಹೇಂಟೆ ತಾನೇ ತಿನ್ನುತ್ತದೆ.

ಹುಂಜಗಳ ದೊಡ್ಡಿಗೆ ಮೊದಲ ನಿಯಮ, ಹೇಂಟೆ ಕಣ್ಣಿಗೆ ಬೀಳಕೂಡದು. ಜಾಲರಿಯಾಚೆ ಒಂದೇ ಒಂದು ಕಂಡರೂ ಸಾಕು, ಶಾಂತಿ ಮುಗಿಯಿತು. ಬಯಲಿನಲ್ಲಿ ಒಂದೊಂದಕ್ಕೆ 15–20 ಚದರಡಿ ಇರಲಿ. ಹುಂಜ ನಾಲ್ಕಿದ್ದರೆ ಮೇವಿನ ತಟ್ಟೆ ಐದು, ನೀರು ಕನಿಷ್ಠ ಎರಡು ಕಡೆ, ಯಾವುದೂ ಮೂಲೆಯಲ್ಲಿ ಬೇಡ. ಕೂರುವ ಕೋಲುಗಳೆಲ್ಲ ಒಂದೇ ಎತ್ತರದಲ್ಲಿರಲಿ, ಇಲ್ಲದಿದ್ದರೆ ಮೇಲಿನದಕ್ಕಾಗಿ ದಿನಾ ಸಂಜೆ ಕಿತ್ತಾಟ. ನಡುವೆ ಒಂದೆರಡು ಹಲಗೆ ಓರೆಯಾಗಿ ನಿಲ್ಲಿಸಿ, ಎರಡೂ ತುದಿ ತೆರೆದಿರಬೇಕು. ಸೋತ ಹುಂಜ ಮರೆಯಾದರೆ ಗೆದ್ದದ್ದು ಬಿಟ್ಟುಬಿಡುತ್ತದೆ. ಓಡಲು ದಾರಿಯಿಲ್ಲದ ಮೂಲೆಯಲ್ಲಿ ಸಿಕ್ಕಿದ್ದೇ ಸಾಯುವಷ್ಟು ಏಟು ತಿನ್ನುವುದು. ಇದೇ ಕಾರಣಕ್ಕೆ ರಾತ್ರಿಯ ಗೂಡಿಗೂ ಎರಡು ಬಾಗಿಲು ಮಾಡಿಸಿ.

ಮರಿಯಿಂದ ಒಟ್ಟಿಗೆ ಬೆಳೆದವುಗಳಲ್ಲಿ ಈ ವ್ಯವಸ್ಥೆ ಚೆನ್ನಾಗಿ ನಡೆಯುತ್ತದೆ. ನಾಲ್ಕೈದು ತಿಂಗಳಾದಾಗ ಕತ್ತಿನ ಪುಕ್ಕ ಕೆದರಿ, ಎದೆಗೆ ಎದೆ ಕೊಟ್ಟು ಹಾರುತ್ತವೆ. ಒಂದು ತಲೆ ತಗ್ಗಿಸಿ ಪಕ್ಕಕ್ಕೆ ಸರಿದು, ಇನ್ನೊಂದು ಸುಮ್ಮನಾದರೆ ನೀವು ನಡುವೆ ಹೋಗಬೇಡಿ. ಯಜಮಾನ ಯಾರೆಂದು ತೀರ್ಮಾನವಾಗಲೇಬೇಕು. ಓಡುವುದನ್ನು ಬೆನ್ನಟ್ಟಿ ಕುಕ್ಕುತ್ತಿದ್ದರೆ, ಜುಟ್ಟಿನಲ್ಲಿ ರಕ್ತ ಕಂಡರೆ, ತಕ್ಷಣ ಬಿಡಿಸಿ. ಕೆಂಪು ಕಂಡಲ್ಲಿ ಉಳಿದವೂ ಕುಕ್ಕುತ್ತವೆ. ಗಾಯಗೊಂಡದ್ದನ್ನು ದೂರ ಒಯ್ಯದೆ ಅದೇ ದೊಡ್ಡಿಯೊಳಗೆ ಜಾಲರಿ ಅಡ್ಡ ಹಾಕಿ ಇಡಿ. ಕೆಲವು ದಿನ ಕಣ್ಮರೆಯಾದರೆ ಒಡಹುಟ್ಟಿದ್ದೂ ಅಪರಿಚಿತವೇ, ಮರಳಿ ಬಂದಾಗ ಕಾಳಗ ಮೊದಲಿನಿಂದ. ಹೊಸ ಹುಂಜಕ್ಕೂ ಎರಡು ವಾರ ಇದೇ ಜಾಲರಿ. ಬೆಳೆದ ಎರಡು ಅಪರಿಚಿತ ಹುಂಜಗಳ ವಿಷಯದಲ್ಲಿ ಇದೂ ಕೈಕೊಡಬಹುದು.

ಅಂಥವಕ್ಕೆ, ಮತ್ತು ತಳಿ ಬೆರೆಯಬಾರದು ಎನ್ನುವವರಿಗೆ, ಬೇರೆ ಗೂಡೇ ಗತಿ. ಸುರಕ್ಷಿತ ಹೌದು, ಆದರೆ ನೀರು, ಮೇವು, ಸ್ವಚ್ಛತೆ ಎಲ್ಲ ನಾಲ್ಕು ಪಟ್ಟು. ಪಕ್ಕಪಕ್ಕದ ಗೂಡುಗಳ ನಡುವೆ ಬರೀ ಜಾಲರಿ ಹಾಕಿದರೆ ಅದರ ಮೂಲಕವೇ ಕಾದಾಡಿ ಜುಟ್ಟು, ಉಗುರು ಹರಿದುಕೊಳ್ಳುತ್ತವೆ. ನೆಲದಿಂದ ಎರಡಡಿಯಾದರೂ ಹಲಗೆ ಅಥವಾ ತಗಡು ಹೊಡೆಯಿರಿ.

ಎಲ್ಲಿಟ್ಟರೂ ಕಾಲಿನ ಮುಳ್ಳಿನ ತುದಿಯನ್ನು ಅರದಿಂದ ಮೊಂಡು ಮಾಡಿ. ಒಳಗೆ ರಕ್ತನಾಳವಿದೆ, ಚೂಪು ಹೋಗುವಷ್ಟು ಮಾತ್ರ ಉಜ್ಜಿ. ಮತ್ತೆ ಬೆಳೆಯುತ್ತದೆ, ಆಗಾಗ ಹಿಡಿದು ನೋಡುತ್ತಿರಬೇಕು.