ಊಟಿಯಲ್ಲಿ ‘ತೋಡ ಶಾಲು’ ಕೊಳ್ಳುವ ಮುನ್ನ ಅದರ ಹಿಂಬದಿ ನೋಡಿ

ನೀಲಗಿರಿಯ ಬುಡಕಟ್ಟು ಜನರಾದ ತೋಡರ ಕಸೂತಿ, ಕುರುಂಬರ ಚಿತ್ರ, ಕೋಟರ ಮಡಕೆ ಮೂರನ್ನೂ ಒಂದೇ ದಿನದಲ್ಲಿ ತೋರಿಸುತ್ತೇವೆ ಎನ್ನುವ ‘ಕ್ರಾಫ್ಟ್ ಟ್ರೇಲ್’ ಪ್ಯಾಕೇಜುಗಳ ಬಗ್ಗೆ ಈ ಎಚ್ಚರಿಕೆ. ನಮ್ಮ ಗುಂಪು ಅಂಥದ್ದೊಂದನ್ನು ನಂಬಿ ಮೋಸಹೋಯಿತು. ಅರ್ಧ ಹಣ ಮುಂಗಡ ಕಟ್ಟಿಸಿಕೊಂಡವರು ದಿನವಿಡೀ ಸುತ್ತಿಸಿದ್ದು ಐದು ಅಂಗಡಿಗಳಿಗೆ. ಸೂಜಿ ಹಿಡಿದ ಒಬ್ಬ ತೋಡ ಹೆಂಗಸನ್ನೂ ಭೇಟಿ ಮಾಡಿಸಲಿಲ್ಲ. ಅಪ್ಪಟ ಕೈಕೆಲಸವೆಂದು ಕೊಂಡ ಮೂರು ಶಾಲುಗಳಲ್ಲಿ ಎರಡು ಯಂತ್ರದ ಕಸೂತಿ, ಒಂದು ಬರೀ ಪ್ರಿಂಟು.

ತೋಡರು ಈ ಕಸೂತಿಯನ್ನು ‘ಪುಖೂರ್’ ಎನ್ನುತ್ತಾರೆ. ದಪ್ಪ ನೇಯ್ಗೆಯ ಮಾಸಲು ಬಿಳಿ ಹತ್ತಿ ಬಟ್ಟೆ, ಕೆಂಪು ಮತ್ತು ಕಪ್ಪು ದಾರ. ಅಪರೂಪಕ್ಕೆ ನೀಲಿಯೂ ಉಂಟು. ಬಟ್ಟೆಯ ಮೇಲೆ ಮೊದಲು ಗೆರೆ ಎಳೆಯುವುದಿಲ್ಲ, ಫ್ರೇಮಿಗೆ ಬಿಗಿಯುವುದೂ ಇಲ್ಲ. ಬಟ್ಟೆಯ ಎಳೆಗಳನ್ನೇ ಬೆರಳಲ್ಲಿ ಎಣಿಸುತ್ತಾ ಹೊಲಿಯುತ್ತಾರೆ. ಅದಕ್ಕೇ ದೂರದಿಂದ ನೋಡಿದರೆ ಮಗ್ಗದಲ್ಲೇ ನೇಯ್ದಂತೆ ಕಾಣುತ್ತದೆ. ಮೋಸ ನಡೆಯುವುದೂ ಇಲ್ಲೇ: ನೇಯ್ಗೆಯೋ ಕಸೂತಿಯೋ ಗೊತ್ತಾಗದವರಿಗೆ ಯಂತ್ರದ್ದೋ ಕೈಯದ್ದೋ ಎಂಬುದೂ ಗೊತ್ತಾಗುವುದಿಲ್ಲ.

ಶಾಲನ್ನು ಮಗುಚಿ ಹಾಕಿ. ಕೈಕಸೂತಿಯಲ್ಲಿ ಎರಡೂ ಬದಿ ಅಚ್ಚುಕಟ್ಟಾಗಿರುತ್ತದೆ, ಯಾವ ಬದಿಯನ್ನಾದರೂ ಹೊರಗೆ ಮಾಡಿ ಹೊದೆಯಬಹುದು. ಆದರೂ ಒಂದು ಬದಿಯಲ್ಲಿ ದಾರದ ಪುಟ್ಟಪುಟ್ಟ ಕುಣಿಕೆಗಳು ಉಬ್ಬಿ ನಿಂತಿರುತ್ತವೆ, ಸವರಿದರೆ ಒರಟು. ಅದು ದೋಷವಲ್ಲ. ಒಗೆದಾಗ ಬಟ್ಟೆ, ದಾರ ಕುಗ್ಗಿ ಸುಕ್ಕಾಗದಿರಲೆಂದು ಬೇಕೆಂದೇ ಸಡಿಲ ಬಿಟ್ಟದ್ದು. ನಮಗೆ ಮಾರಿದವರು ನಯವಾದ ಶಾಲನ್ನು ತೋರಿಸಿ ‘ಇದರಲ್ಲಿ ಫಿನಿಶಿಂಗ್ ಚೆನ್ನಾಗಿದೆ’ ಎಂದಿದ್ದರು. ಆ ನಯವೇ ಯಂತ್ರದ ಗುರುತು! ಯಂತ್ರದ ಕೆಲಸದ ಹಿಂಬದಿಯಲ್ಲಿ ಬಾಬಿನ್ನಿನ ತೆಳು ಬಿಳಿ ದಾರ ಜಾಲದಂತೆ ಹರಡಿರುತ್ತದೆ, ಹೊಲಿಯುವಾಗ ಆಧಾರಕ್ಕೆ ಇಟ್ಟ ಕಾಗದದ ಚೂರು ಅಂಚಿನಲ್ಲಿ ಸಿಕ್ಕಿಕೊಂಡಿರುವುದೂ ಉಂಟು. ಪ್ರಿಂಟಿನಲ್ಲಾದರೆ ಹಿಂದೆ ಬಣ್ಣ ಮಂಕು, ಉಗುರಿಗೆ ದಾರವೇ ಸಿಗುವುದಿಲ್ಲ. ಅಂಗಡಿಯವರು ಮಗುಚಲು ಬಿಡದೆ ಪ್ಲಾಸ್ಟಿಕ್ ಕವರಿನೊಳಗಿಂದಲೇ ತೋರಿಸಿದರೆ ಅಲ್ಲಿಂದ ಎದ್ದುಬಿಡಿ.

ತೋಡ ಕಸೂತಿಗೆ 2013ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಅದು ಕಲೆಗೆ ಸಿಕ್ಕ ಮಾನ್ಯತೆ, ಗೋಡೆಗೆ ‘ಜಿಐ’ ಬೋರ್ಡು ತೂಗುಹಾಕಿದ ಅಂಗಡಿಯ ಪ್ರತಿಯೊಂದು ಶಾಲಿಗಲ್ಲ. ಹೊಲಿದವರು ಯಾವ ಮಂದಿನವರು ಎಂದು ಕೇಳಿ. ಮಂದು ಎಂದರೆ ತೋಡರ ಹಟ್ಟಿ. ತೋಡರದ್ದು ಎರಡು ಸಾವಿರದ ಆಸುಪಾಸಿನ ಪುಟ್ಟ ಸಮುದಾಯ, ಅವರಿಂದಲೇ ಕೊಂಡು ತಂದವರಿಗೆ ಉತ್ತರ ಗೊತ್ತಿರುತ್ತದೆ. ‘ಪೂತುಕುಳಿ’ ಎನ್ನುವ ದೊಡ್ಡ ಶಾಲಿಗೆ ಮನೆಗೆಲಸದ ನಡುವಿನ ಬಿಡುವಿನಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತದೆ. ಒಂದೇ ಅಳತೆಯ, ಒಂದೇ ನಮೂನೆಯ ಶಾಲುಗಳ ರಾಶಿ ಕಂಡರೆ ಲೆಕ್ಕ ನೀವೇ ಹಾಕಿಕೊಳ್ಳಿ. ಕೈಯಲ್ಲಿ ಹಣ ಕಡಿಮೆಯಿದ್ದರೆ ನಿಜವಾದ ಕಸೂತಿಯ ಸಣ್ಣ ಚೀಲವನ್ನೋ ಪರ್ಸನ್ನೋ ಕೊಳ್ಳಿ, ಅಗ್ಗದ ಶಾಲು ಬೇಡ.

ಇದಕ್ಕಿಂತ ಬೇಸರದ ಸಂಗತಿ ಇನ್ನೊಂದಿದೆ. ಗೈಡ್ ನಮ್ಮನ್ನು ಯಾರ ಅನುಮತಿಯನ್ನೂ ಕೇಳದೆ ಒಂದು ಮಂದಿನೊಳಗೆ ನುಗ್ಗಿಸಿ, ಕಮಾನಿನಾಕಾರದ ಗುಡಿಯ ಕಲ್ಲುಗೋಡೆಯ ಹತ್ತಿರ ಫೋಟೋ ತೆಗೆಸಿಕೊಳ್ಳಲು ನಿಲ್ಲಿಸಿದ. ಅದು ತೋಡರು ಎಮ್ಮೆಯ ಹಾಲನ್ನು ಮಡಿಯಿಂದ ಇಡುವ ಜಾಗ, ಪೂಜಾರಿಗೆ ಮಾತ್ರ ಪ್ರವೇಶ. ಹಿರಿಯರೊಬ್ಬರು ಬಂದು ನಮ್ಮನ್ನು ಹೊರಗೆ ಕಳಿಸಿದರು. ತಪ್ಪು ನಮ್ಮದೇ, ಅವರದ್ದಲ್ಲ. ಮಂದಿಗೆ ಹೋಗುವುದಿದ್ದರೆ ಅಲ್ಲಿಯವರೇ ಒಬ್ಬರು ಜೊತೆಗಿರಬೇಕು, ಗುಡಿಯಿಂದ ದೂರ ನಿಲ್ಲಬೇಕು, ಕ್ಯಾಮೆರಾ ತೆಗೆಯುವ ಮೊದಲು ಕೇಳಬೇಕು.

ಕುರುಂಬರ ಚಿತ್ರದಲ್ಲಿ ಬಣ್ಣಗಳನ್ನು ಎಣಿಸಿ. ಹಳೆಯ ಪದ್ಧತಿಯಲ್ಲಿ ಕೆಮ್ಮಣ್ಣು, ಬಿಳಿಮಣ್ಣು, ಹೊನ್ನೆ ಮರದ ಅಂಟು, ಸೊಪ್ಪಿನ ರಸ ಇಷ್ಟೇ. ಹೀಗಾಗಿ ಕಂದು, ಬಿಳಿ, ಕಪ್ಪು, ಮಂಕು ಹಸಿರು ಬಿಟ್ಟರೆ ಹೆಚ್ಚು ಬಣ್ಣ ಬರುವುದಿಲ್ಲ. ಹೊಳೆಯುವ ಗುಲಾಬಿ, ಗಾಢ ನೀಲಿ ಕಂಡರೆ ಅದು ಅಂಗಡಿಯ ಪೇಂಟು. ಅಂಥ ಚಿತ್ರವನ್ನೂ ಕುರುಂಬ ಕಲಾವಿದರೇ ಬರೆದಿರಬಹುದು, ತಪ್ಪೇನಿಲ್ಲ. ‘ನೈಸರ್ಗಿಕ ಬಣ್ಣ’ ಎಂದು ಅದಕ್ಕೆ ಹೆಚ್ಚು ಬೆಲೆ ಕೇಳುವುದು ತಪ್ಪು.

ಎಲ್ಲಕ್ಕಿಂತ ಮೊದಲು ಊಟಿಯಿಂದ ಸುಮಾರು 10 ಕಿ.ಮೀ. ದೂರದ ಮುತ್ತೋರೈ ಪಾಲಡದಲ್ಲಿರುವ ಬುಡಕಟ್ಟು ಸಂಶೋಧನಾ ಕೇಂದ್ರದ ಮ್ಯೂಸಿಯಂ ನೋಡಿ. ಅಸಲಿ ವಸ್ತುಗಳು ಕಣ್ಣಿಗೆ ರೂಢಿಯಾದರೆ ಅಂಗಡಿಯಲ್ಲಿ ಅರ್ಧ ಮೋಸ ತಪ್ಪುತ್ತದೆ.

ಗಾಡಿಯ ವಿಷಯ: 2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ನೀಲಗಿರಿಯಲ್ಲಿ ಇ-ಪಾಸ್ ಬೇಕು. ‘ನಾವೇ ಮಾಡಿಸುತ್ತೇವೆ’ ಎಂದ ಏಜೆಂಟ್ ಮಾಡಿಸಿರಲಿಲ್ಲ, ಕೆಕ್ಕನಹಳ್ಳ ಚೆಕ್‌ಪೋಸ್ಟಿನಲ್ಲಿ ನಿಂತು ಹೊತ್ತು ಹಾಳಾಯಿತು. ಪಾಸು ಉಚಿತ, ಆನ್‌ಲೈನಿನಲ್ಲಿ ನೀವೇ ತೆಗೆಯಿರಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, ಹಿಂದಿರುಗುವ ವೇಳೆಯನ್ನು ಅದಕ್ಕೆ ಹೊಂದಿಸಿಕೊಳ್ಳಿ.

ಈಗಾಗಲೇ ಶಾಲು ಕೊಂಡಿದ್ದರೆ, ಒಗೆಯುವ ಮೊದಲು ಒದ್ದೆಯಾದ ಬಿಳಿ ಬಟ್ಟೆಯ ತುದಿಯನ್ನು ಕೆಂಪು ದಾರದ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಅಂಟಿದರೆ ನೀರಿಗೆ ಹಾಕಬೇಡಿ, ಡ್ರೈಕ್ಲೀನಿಂಗಿಗೆ ಕೊಡಿ. ಅಂಟದಿದ್ದರೆ ತಣ್ಣೀರಿನಲ್ಲಿ ಒಂದನ್ನೇ ಅದ್ದಿ ತೆಗೆದು, ಹಿಂಡದೆ ನೆರಳಲ್ಲಿ ಹರಡಿ ಒಣಗಿಸಿ.