ಮಾವಿನಹಣ್ಣು ಒಂದಕ್ಕೆ 1,180 ರೂಪಾಯಿ

ಮ್ಯಾನೇಜ್ಡ್ ಫಾರ್ಮ್‌ಲ್ಯಾಂಡ್, ಅಂದರೆ ಜಮೀನು ನಮ್ಮ ಹೆಸರಿಗೆ, ತೋಟ ನೋಡಿಕೊಳ್ಳೋದು ಮಾರಿದ ಕಂಪನಿ, ಅಂಥದ್ದು ತಗೊಳ್ಳೋಣ ಅಂತ ಯಾರಾದರೂ ಯೋಚಿಸುತ್ತಿದ್ದರೆ, ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿಬಿಡಿ.

2021ರಲ್ಲಿ ಕನಕಪುರದ ಕಡೆ 10 ಗುಂಟೆ ಕೊಂಡೆ. 22 ಲಕ್ಷ. ಅದರ ಹಿಂದಿನ ವರ್ಷವಷ್ಟೇ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದಿದ್ದರು. ರೈತರಲ್ಲದ ನಮ್ಮಂಥವರಿಗೂ ಜಮೀನು ಕೊಳ್ಳುವ ದಾರಿ ಆಗಿತ್ತು. "ಸಾರ್, ನೀವು ಏನೂ ಮಾಡೋದು ಬೇಡ, ಬಂದು ಸೈನ್ ಹಾಕಿ ಸಾಕು" ಅಂದರು ಕಂಪನಿಯವರು. ಬೇಲಿ, ಬೋರ್‌ವೆಲ್, ಡ್ರಿಪ್, ಆಳುಗಳು, ರಿಜಿಸ್ಟ್ರೇಷನ್ ಎಲ್ಲ ಅವರದ್ದೇ. ನಾನು ಬಿದ್ದಿದ್ದು ಈ ಮಾತಿಗೇ. ಕೈ ಕೆಸರಾಗದೆ ಬಾಯಿಗೆ ಮೊಸರು ಬೇಕಿತ್ತು ನನಗೆ.

ಹೆಚ್ಚುಕಮ್ಮಿ ಅಷ್ಟೇ ದುಡ್ಡಿನಲ್ಲಿ ತುಮಕೂರಿನ ನಮ್ಮ ಭಾವ ತಮ್ಮ ಮನೆಯ ಮೇಲೆ ಎರಡು ಪೋರ್ಷನ್ ಕಟ್ಟಿಸಿದರು. ನಲ್ಲಿ ಸೋರುತ್ತೆ, ಮೋಟಾರ್ ಸುಡುತ್ತೆ, ಬಾಡಿಗೆ ಒಮ್ಮೊಮ್ಮೆ ಹತ್ತನೇ ತಾರೀಕಿಗೆ ಬರುತ್ತೆ. ಸುಮ್ನೆ ತಲೆನೋವು ಅಂತ ನಗುತ್ತಿದ್ದೆ. ಅವರಿಗೆ ತಿಂಗಳಿಗೆ 16,000 ಬರುತ್ತಿದೆ.

ನನ್ನ ಕಡೆ ದುಡ್ಡು ಹೋಗುತ್ತಿದೆ. ಮೇಂಟೆನೆನ್ಸ್ ವರ್ಷಕ್ಕೆ 36,000, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಒಟ್ಟು 42,480. ಹೋದ ವರ್ಷ "ಫಸಲಿನ ಪಾಲು" ಅಂತ ಮನೆಗೆ ಬಂದಿದ್ದು ಮೂರು ಡಜನ್ ಮಾವಿನಹಣ್ಣು. ನೀವೇ ಭಾಗಿಸಿ ನೋಡಿ. ಹಣ್ಣು ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಇದಾದರೂ ತಡೆದುಕೊಳ್ಳಬಹುದಿತ್ತು. ಮಗಳ ಫೀಸಿಗೆ ಅಂತ ಮಾರಲು ಹೊರಟಾಗ ಮೊದಲ ಸಲ ಪಹಣಿ ತೆಗೆಸಿದೆ. 4 ಎಕರೆಯ ಒಂದೇ ಸರ್ವೆ ನಂಬರ್, ಅದರಲ್ಲಿ 16 ಹೆಸರು. ಕ್ರಯಪತ್ರದಲ್ಲಿ ನನ್ನದು 10 ಗುಂಟೆಯ ಪಾಲು ಅಷ್ಟೇ, ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ಇಡೀ 4 ಎಕರೆಯದ್ದು. "ಪ್ಲಾಟ್ ನಂಬರ್ 7" ಅಂತ ಬೋರ್ಡ್ ಹಾಕಿದ್ದು ಕಂಪನಿ. ಸರ್ಕಾರದ ದಾಖಲೆಯಲ್ಲಿ ಆ 7 ಎಲ್ಲೂ ಇಲ್ಲ. ಬೋರ್‌ವೆಲ್ ಇರುವುದು ಪಕ್ಕದ ಸರ್ವೆ ನಂಬರಿನಲ್ಲಿ, ಬೇರೆಯವರ ಹೆಸರಲ್ಲಿ. ಪೋಡಿ ಆಗಿ, ಅಂದರೆ ಅಳತೆ ಮಾಡಿ ದಾಖಲೆಯಲ್ಲಿ ಅವರವರ ಪಾಲು ಬೇರೆಯಾಗಬೇಕಾದರೆ 16 ಜನವೂ ಒಪ್ಪಬೇಕು, ಇಲ್ಲದಿದ್ದರೆ ಕೋರ್ಟಿನಲ್ಲಿ ವಿಭಾಗದ ದಾವೆ ಹೂಡಬೇಕು ಅಂದರು ವಕೀಲರು. ಕೃಷಿ ಜಮೀನಾಗಿಯೇ ಮಾರಿರುವುದರಿಂದ, ಸೈಟು-ಫ್ಲ್ಯಾಟು ಕೊಂಡವರ ದೂರು ಕೇಳುವ ರೇರಾಗೆ ಹೋಗುವ ದಾರಿಯೂ ಇಲ್ಲವಂತೆ.

ಕಂಪನಿಗೆ ಫೋನ್ ಮಾಡಿದರೆ, "ರೀಸೇಲ್ ಲಿಸ್ಟಿಗೆ ಹಾಕಿದ್ದೀವಿ ಸಾರ್" ಅಂತಾರೆ. ಪಕ್ಕದಲ್ಲೇ ಎರಡನೇ ಫೇಸ್ ಮಾರುತ್ತಿರುವವರು ನನ್ನದನ್ನು ಯಾಕೆ ಮಾರಿಕೊಡ್ತಾರೆ, ಅಲ್ವಾ?

ಮೋಸ ಅನ್ನಲಾರೆ. ಎಲ್ಲವೂ ಪತ್ರದಲ್ಲಿ ಬರೆದೇ ಇತ್ತು, ನಾನು ಓದಲಿಲ್ಲ. ಸರ್ವೆ ನಂಬರಿನಲ್ಲಿ ಮಾರುವ ತುಂಡು ಯಾವುದು ಅಂತ ಸರ್ವೆ ಇಲಾಖೆ ಅಳೆದು ಕೊಡುವ 11ಇ ನಕ್ಷೆ ಎಲ್ಲಿ ಅಂತ ಆವತ್ತೇ ಕೇಳಿದ್ದರೆ ಅರ್ಧ ಗಂಟೆಯಲ್ಲಿ ಬಣ್ಣ ಬಯಲಾಗುತ್ತಿತ್ತು. ನೀವು ಅದನ್ನು ಕೇಳಿ. ಪಹಣಿಯನ್ನು ಅವರು ಕೊಟ್ಟ ಜೆರಾಕ್ಸಿನಲ್ಲಿ ನೋಡಬೇಡಿ, ಸರ್ಕಾರದ "ಭೂಮಿ" ವೆಬ್‌ಸೈಟಿನಲ್ಲಿ ನೀವೇ ತೆಗೆಯಿರಿ. ದಾರಿ, ನೀರು ಯಾರ ಹೆಸರಲ್ಲಿವೆ ನೋಡಿ. ಹಳೇ ಗಿರಾಕಿ ಒಬ್ಬರಾದರೂ ಮಾರಿ ಹೊರಗೆ ಬಂದಿದ್ದಾರಾ ವಿಚಾರಿಸಿ.

ಈಗ ಶನಿವಾರ ಬಂದರೆ ಉಳಿದ 15 ಜನರ ಮನೆ ಸುತ್ತುತ್ತಿದ್ದೇನೆ. 11 ಸಹಿ ಆಗಿವೆ. ಇಬ್ಬರು ಅಮೆರಿಕದಲ್ಲಿದ್ದಾರೆ, ಒಬ್ಬರು ತೀರಿಕೊಂಡಿದ್ದಾರೆ, ಇನ್ನೊಬ್ಬರಿಗೆ ಕ್ಲಬ್‌ಹೌಸ್ ಪಕ್ಕದ ಜಾಗವೇ ಬೇಕಂತೆ.